ತೋಟಾ ತುಂಬುವ ಲೆಕ್ಕ

ಈ ಸಂಚಿಕೆಗೆ ಏನಾದರೂ ಕೊಡಲೇಬೇಕು ಎಂದು ಸಂಪಾದಕ ಗೆಳೆಯ ಹಾಸ್ಟೆಲಿನ ಬಾಗಿಲಿಗೇ ಬಂದು ಕೂತಾಗ, ‘ಮಾರಾಯ, ನನಗೆ ಕವಿತೆ ಬರೋದಿಲ್ಲ, ಕತೆಯೂ ಬರೋದಿಲ್ಲ, ಬೇಕಾದರೆ ಒಂದು ಲೆಕ್ಕ ಬರೆದುಕೊಡ್ತೇನೆ’ ಅಂದೆ. ಅವನು ನಕ್ಕು, ‘ಲೆಕ್ಕವಾದರೂ ಸರಿ, ಕನ್ನಡದಲ್ಲಿದ್ದರೆ ಸಾಕು’ ಅಂದ. ಹತ್ತನೇ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲೇ ಓದಿದವನು ನಾನು. ಈಗ ಕಾಸ್ಟ್ ಅಕೌಂಟಿಂಗ್ ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದುವಾಗ ಪ್ರತಿ ಪುಟಕ್ಕೂ ಮನಸ್ಸಿನಲ್ಲೇ ಒಂದು ಕನ್ನಡ ಪುಟ ಬರೆದುಕೊಳ್ಳುತ್ತೇನೆ. ಅಂಥ ಒಂದು ಪುಟ ಇದು ಎಂದುಕೊಳ್ಳಿ.

ನಮ್ಮದು ಕೊಡಗಿನ ವಿರಾಜಪೇಟೆ ಕಡೆಯ ಊರು. ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ, ಜಮ್ಮಾ ಹಿಡುವಳಿ. ಮನೆಯಲ್ಲಿ ಒಂದು ಜೋಡುನಳಿಗೆಯ ತೋಟಾ ಕೋವಿ ಇದೆ. ಬಯಲುಸೀಮೆಯ ಗೆಳೆಯರಿಗೆ ಇದು ಕೇಳಿದರೆ ಭಯ, ನಮಗೆ ಅದು ನೇಗಿಲು, ಗುದ್ದಲಿಯ ಸಾಲಿನಲ್ಲೇ ಬರುವ ವಸ್ತು. ಸೆಪ್ಟೆಂಬರಿನ ಕೈಲ್‌ಪೊಳ್ದಿನಲ್ಲಿ ಅದಕ್ಕೆ ಹೂವಿಟ್ಟು ಪೂಜೆ ಮಾಡುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು, ಇದು ಹಿಂದಿನಿಂದ ಬಂದ ಪದ್ಧತಿ. ಉಳಿದಂತೆ ಅದಕ್ಕೆ ಕೆಲಸ ಇರುವುದು ಭತ್ತ ಹಾಲು ತುಂಬುವ ಕಾಲದಲ್ಲಿ, ರಾತ್ರಿ ಹೊತ್ತು, ಆಕಾಶಕ್ಕೆ.

ಆಕಾಶಕ್ಕೆ ಎಂದದ್ದು ಯಾಕೆಂದರೆ, ಗದ್ದೆಗೆ ಬರುವುದು ಆನೆ. ಆನೆಗೆ ಗುಂಡಿಡುವ ಮಾತೇ ಇಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ, ಅದಕ್ಕಿಂತ ಮೊದಲು ಮನಸ್ಸೇ ಒಪ್ಪುವುದಿಲ್ಲ. ಶಬ್ದ ಮಾಡಿ ಓಡಿಸುವುದು ಅಷ್ಟೆ. ಆದರೆ ಶಬ್ದಕ್ಕೂ ತೋಟಾ ಬೇಕು, ತೋಟಾಕ್ಕೆ ದುಡ್ಡು ಬೇಕು. ದುಡ್ಡು ಇದ್ದರೂ ಅಂಗಡಿಯಲ್ಲಿ ‘ಸ್ಟಾಕ್ ಇಲ್ಲ, ಮುಂದಿನ ತಿಂಗಳು ಬನ್ನಿ’ ಅನ್ನುತ್ತಾರೆ. ಹೀಗಿರುವಾಗ ನಮ್ಮ ಚಿಕ್ಕಪ್ಪನ ಮಗ ಎಲ್ಲೋ ನೋಡಿಕೊಂಡು ಬಂದು, ‘ಅಮೆರಿಕದಲ್ಲಿ ಎಲ್ಲ ಖಾಲಿ ತೋಟಾವನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ತಾರೆ ದೊಡ್ಡಪ್ಪ, ಅರ್ಧ ಖರ್ಚು ಸಹ ಇಲ್ಲ’ ಎಂದು ಅಪ್ಪನ ತಲೆಗೆ ಹುಳ ಬಿಟ್ಟ. ಅಪ್ಪ ಅಂದಿನಿಂದ ಖಾಲಿ ತೋಟಾ ಎಸೆಯುವುದನ್ನು ನಿಲ್ಲಿಸಿದರು. ಹಳೆಯ ಹಾರ್ಲಿಕ್ಸ್ ಡಬ್ಬದಲ್ಲಿ ಅವು ಕೂಡುತ್ತಾ ಹೋದವು. ಜನವರಿಯಲ್ಲಿ ನಾನು ವಡೋದರಾದ ಸೋದರಮಾವನ ಮನೆಗೆ ಹೊರಟಾಗ ಅಪ್ಪ, ‘ಅಲ್ಲಿ ದೊಡ್ಡ ಊರುಗಳುಂಟು, ರೈಫಲ್ ಕ್ಲಬ್ ಉಂಟು, ಸರಿಯಾಗಿ ವಿಚಾರಿಸಿಕೊಂಡು ಬಾ. ನೀನು ಕಾಮರ್ಸ್ ಓದುವವ, ಲೆಕ್ಕ ಹಾಕಿ ಹೇಳು’ ಅಂದರು. ಅಜ್ಜ ಮಾತ್ರ ಜಗಲಿಯಲ್ಲಿ ಕೂತವರು ಏನೂ ಅನ್ನಲಿಲ್ಲ. ಅವರ ವಿಷಯ ಆಮೇಲೆ ಹೇಳುತ್ತೇನೆ.

ಮೊದಲು ತೋಟಾ ಅಂದರೇನು ಎಂದು ಹೇಳಿಬಿಡಬೇಕು. ಹನ್ನೆರಡು ಬೋರಿನ ತೋಟಾ ಒಳಗೆ ಐದು ವಸ್ತುಗಳಿವೆ. ಹೊರಗಿನ ಚಿಪ್ಪು. ಈಗ ಪ್ಲಾಸ್ಟಿಕ್ಕು, ಹಿಂದೆ ದಪ್ಪ ಕಾಗದ, ಬುಡಕ್ಕೆ ಹಿತ್ತಾಳೆ ಬಣ್ಣದ ಲೋಹದ ಬಟ್ಟಲು. ಬುಡದ ನಡುವೆ ಕೇಪು. ಕೋವಿಯ ಸೂಜಿ ಹೊಡೆಯುವುದು ಇದಕ್ಕೇ, ಕಿಡಿ ಹುಟ್ಟುವುದೂ ಇಲ್ಲೇ. ಕೇಪಿನ ಮೇಲೆ ಮದ್ದು, ಮದ್ದಿನ ಮೇಲೆ ಬಿರಡೆಯಂಥ ಒಂದು ತಡೆ, ಅದರ ಮೇಲೆ ಸೀಸದ ಚರೆ. ಬಾಯಿಯನ್ನು ನಕ್ಷತ್ರದ ಹಾಗೆ ಮಡಿಸಿ ಮುಚ್ಚಿರುತ್ತಾರೆ. ಈಡು ಹಾರಿದ ಮೇಲೆ ಕೇಪು, ಮದ್ದು, ತಡೆ, ಚರೆ ನಾಲ್ಕೂ ಹೋದವು. ಉಳಿಯುವುದು ಚಿಪ್ಪು ಒಂದೇ. ಮತ್ತೆ ತುಂಬುವುದು ಅಂದರೆ ಆ ಚಿಪ್ಪನ್ನು ಉಳಿಸಿಕೊಂಡು ಉಳಿದ ನಾಲ್ಕನ್ನು ಹೊಸದಾಗಿ ಹಾಕುವುದು. ಅಂದರೆ ಐದರಲ್ಲಿ ಒಂದೇ ಉಳಿತಾಯ, ಇದನ್ನು ನೆನಪಿಟ್ಟುಕೊಳ್ಳಿ. (‘ಹನ್ನೆರಡು’ ಯಾಕೆ ಎಂದು ಎಷ್ಟೋ ಜನರಿಗೆ ತಿಳಿದಿಲ್ಲ. ಆ ನಳಿಗೆಯ ಅಗಲಕ್ಕೆ ಸರಿಯಾದ ಸೀಸದ ಗುಂಡು ಮಾಡಿದರೆ ಒಂದು ಪೌಂಡಿಗೆ ಹನ್ನೆರಡು ಬರುತ್ತವೆ, ಒಂದೊಂದೂ ಸುಮಾರು 38 ಗ್ರಾಂ. ನನಗೂ ಇದು ಗೊತ್ತಾದದ್ದು ಈಚೆಗೆ.)

ಮೈಸೂರಿನಿಂದ ಅಜ್ಮೇರ್ ಎಕ್ಸ್‌ಪ್ರೆಸ್ ಹತ್ತಿದರೆ ಸೂರತ್, ವಡೋದರಾ, ಅಹಮದಾಬಾದ್ ಮೂರೂ ಒಂದೇ ದಾರಿಯಲ್ಲಿ ಸಿಗುತ್ತವೆ. ಪುಣೆ ದಾಟಿದ ಸ್ವಲ್ಪ ಹೊತ್ತಿಗೆ ಖಡ್ಕಿ ಎಂಬ ಸಣ್ಣ ನಿಲ್ದಾಣ ಕಿಟಕಿಯಲ್ಲಿ ಹಿಂದೆ ಓಡಿತು. ನಾನು ಎದ್ದು ನಿಂತೇ ನೋಡಿದೆ. ನಮ್ಮ ಡಬ್ಬದಲ್ಲಿರುವ ‘ಶಕ್ತಿಮಾನ್’ ತೋಟಾದ ಬುಡದಲ್ಲಿ ಕೆ.ಎಫ್. ಎಂಬ ಎರಡಕ್ಷರ ಇರುತ್ತದಲ್ಲ, ಅದು ಈ ಖಡ್ಕಿಯ ಕಾರ್ಖಾನೆಯದು. ಬ್ರಿಟಿಷರ ಬಾಯಲ್ಲಿ ಕಿರ್ಕೀ. ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಗಳನ್ನೆಲ್ಲ 2021ರ ಅಕ್ಟೋಬರಿನಲ್ಲಿ ಕಂಪನಿಗಳಾಗಿ ಮಾಡಿದ ಮೇಲೆ ಅದು ಈಗ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್‌ಗೆ ಸೇರಿದೆ. ನಮ್ಮ ಗದ್ದೆಯ ರಾತ್ರಿಯ ಶಬ್ದ ಹುಟ್ಟುವುದು ಇಲ್ಲಿ ಎಂದು ಪಕ್ಕದವರಿಗೆ ಹೇಳೋಣ ಅನ್ನಿಸಿತು. ರೈಲಿನಲ್ಲಿ ಇಂಥ ಮಾತು ಆಡಬಾರದೆಂದು ಸುಮ್ಮನಾದೆ.

ಮಾವನಿಗೆ ಅಹಮದಾಬಾದಿನಲ್ಲಿ ಒಬ್ಬ ಸ್ನೇಹಿತರಿದ್ದಾರೆ, ಶೂಟಿಂಗ್ ಕಲಿಸುವವರು. ಅವರ ಹತ್ತಿರ ಕರೆದುಕೊಂಡು ಹೋದರು. ಗುಜರಾತಿಯಲ್ಲಿ ಅವರು ‘ಕಾರ್ತೂಸ್’ ಅಂದಾಗ ನನಗೆ ಖುಷಿಯಾಯಿತು. ನಮ್ಮ ಕಾಡತೂಸು ಅದೇ ಅಲ್ಲವೇ! ಪೋರ್ಚುಗೀಸರ ಮಾತಿನಿಂದ ಬಂದ ಶಬ್ದವಂತೆ. ನಾನು ಚಿಕ್ಕವನಿದ್ದಾಗ ಅದರಲ್ಲಿ ‘ಕಾಡು’ ಇದೆ ಎಂದೇ ನಂಬಿದ್ದೆ.

ನಾನು ಡಬ್ಬದ ವಿಷಯ ಹೇಳಿದ ಕೂಡಲೇ ಅವರು ಕೇಳಿದ್ದು, ‘ಯಾವ ಕೋವಿ?’ ಯಾಕೆಂದರೆ ನಗರದ ಶೂಟಿಂಗ್ ಹುಡುಗರಲ್ಲಿ ಹೆಚ್ಚಿನವರಿಗೆ ಈ ಪ್ರಶ್ನೆಯೇ ಬರುವುದಿಲ್ಲ. ಅವರು ಹೊಡೆಯುವುದು ಒಂದೋ ಗಾಳಿ ರೈಫಲ್, ಇಲ್ಲವೇ ಪಾಯಿಂಟ್ ಟೂ‌ಟೂ. ಗಾಳಿ ರೈಫಲಿನಲ್ಲಿ ಮದ್ದೇ ಇಲ್ಲ. 4.5 ಮಿಲಿಮೀಟರಿನ ಸೀಸದ ಸಣ್ಣ ಪೆಲೆಟ್, ಒತ್ತಿದ ಗಾಳಿ, ಅಷ್ಟೇ. ಶಕ್ತಿ 20 ಜೂಲ್ ಮೀರದಿದ್ದರೆ ಅದಕ್ಕೆ ಲೈಸೆನ್ಸ್ ಸಹ ಬೇಡ. ಅಹಮದಾಬಾದಿನಲ್ಲೇ ಬೆಳೆದ ಎಲವೇನಿಲ್ ವಲರಿವನ್ 2019ರಲ್ಲಿ ರಿಯೋ ವಿಶ್ವಕಪ್ಪಿನಲ್ಲಿ ಚಿನ್ನ ಗೆದ್ದದ್ದು ಇಂಥ ಹತ್ತು ಮೀಟರ್ ಗಾಳಿ ರೈಫಲಿನಲ್ಲಿ. ತಮಿಳು ಮನೆಯ ಹುಡುಗಿ, ಹುಟ್ಟಿದ್ದು ಕಡಲೂರಿನಲ್ಲಿ. ಮಾವ ಇದನ್ನು ‘ನಮ್ಮ ದಕ್ಷಿಣದವರು’ ಎಂದು ಎದೆಯುಬ್ಬಿಸಿ ಹೇಳಿದರು. ಗುಜರಾತಿಗೆ ಹೋದ ಮೇಲೆ ಕನ್ನಡಿಗರೂ ತಮಿಳರೂ ಒಂದೇ ಮನೆಯವರಾಗಿಬಿಡುತ್ತಾರೆ ಅಂತ ಕಾಣುತ್ತದೆ.

ಇನ್ನು ಪಾಯಿಂಟ್ ಟೂ‌ಟೂ. ಅದರಲ್ಲಿ ಬೇರೆ ಕೇಪು ಇರುವುದಿಲ್ಲ. ಕಿಡಿ ಹುಟ್ಟಿಸುವ ರಸಾಯನವನ್ನು ಚಿಪ್ಪಿನ ಬುಡದ ಅಂಚಿನ ಮಡಿಕೆಯೊಳಗೇ ಹರಡಿರುತ್ತಾರೆ. ಸೂಜಿ ಹೊಡೆದಾಗ ಆ ಅಂಚೇ ನಜ್ಜುಗುಜ್ಜಾಗುತ್ತದೆ. ಒಮ್ಮೆ ಹಾರಿದರೆ ಮುಗಿಯಿತು, ಗುಜರಿಗೆ ಹಾಕಬೇಕು. ಮತ್ತೆ ತುಂಬುವ ಮಾತು ಬರುವುದು ನಡುವೆ ಕೇಪು ಇರುವ ತೋಟಾಗಳಿಗೆ ಮಾತ್ರ. ಅದರಲ್ಲೂ ಎರಡು ಜಾತಿ. ಬಾಕ್ಸರ್ ಕೇಪಿನ ಚಿಪ್ಪಿನಲ್ಲಿ ನಡುವೆ ಒಂದೇ ತೂತು, ಕಡ್ಡಿ ತೂರಿಸಿ ಹಳೆಯ ಕೇಪು ತಳ್ಳಬಹುದು. ಬರ್ಡನ್ ಕೇಪಿನದರಲ್ಲಿ ಪಕ್ಕಪಕ್ಕ ಎರಡು ತೂತು, ಕಡ್ಡಿ ಹೋಗುವುದಿಲ್ಲ, ತೆಗೆಯುವುದು ತಲೆನೋವು. ತಮಾಷೆ ಎಂದರೆ ಬಾಕ್ಸರ್ ಇಂಗ್ಲಿಷಿನವನು, ಅವನ ಕೇಪು ನಡೆದದ್ದು ಅಮೆರಿಕದಲ್ಲಿ. ಬರ್ಡನ್ ಅಮೆರಿಕದವನು, ಅವನದು ನಡೆದದ್ದು ಯುರೋಪಿನಲ್ಲಿ. ಅಮೆರಿಕದಲ್ಲಿ ಮನೆಯಲ್ಲೇ ತುಂಬಿಕೊಳ್ಳುವ ಹವ್ಯಾಸ ಬೆಳೆಯಲು ಈ ಒಂದು ತೂತೂ ಕಾರಣ.

ಈಗ ನನ್ನ ಲೆಕ್ಕ. ತುಂಬುವವನಿಗೆ ಮೊದಲು ಬೇಕಾದದ್ದು ಒತ್ತುವ ಯಂತ್ರ, ಹಳೆಯ ಕೇಪು ತೆಗೆದು ಹೊಸದು ಕೂರಿಸಿ ಬಾಯಿ ಮಡಿಸಿ ಕೊಡುವಂಥದು. ಜೊತೆಗೆ ಮಿಲಿಗ್ರಾಂ ಲೆಕ್ಕದಲ್ಲಿ ತೂಗುವ ತಕ್ಕಡಿ, ಅಳತೆಯ ಪುಸ್ತಕ, ಒಣಗಿದ ಬೀಗದ ಕಪಾಟು. ಇದೆಲ್ಲ ಸ್ಥಿರ ವೆಚ್ಚ. ಕೇಪು, ಮದ್ದು, ತಡೆ, ಚರೆ ಪ್ರತಿ ತೋಟಾಕ್ಕೂ ಬೇಕು, ಅದು ಚರ ವೆಚ್ಚ. ಬೆಲೆಗಳು ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ. ಆದ್ದರಿಂದ ನಾನು ಲೆಕ್ಕಕ್ಕೆ ಅನುಕೂಲವಾಗುವ ಅಂಕಿಗಳನ್ನು ಇಟ್ಟುಕೊಂಡಿದ್ದೇನೆ, ನೀವು ನಿಮ್ಮ ಊರಿನ ಬೆಲೆ ಹಾಕಿ ನೋಡಿಕೊಳ್ಳಿ. ಸಾಮಾನಿಗೆಲ್ಲ 40,000 ರೂಪಾಯಿ ಎಂದಿಟ್ಟುಕೊಳ್ಳೋಣ. ಹೊಸ ತೋಟಾ ಒಂದಕ್ಕೆ 100, ಮನೆಯಲ್ಲಿ ತುಂಬಿದರೆ 60. ಒಂದಕ್ಕೆ ಉಳಿತಾಯ 40. ಹಾಕಿದ ದುಡ್ಡು ವಾಪಸ್ ಬರಲು 1,000 ತೋಟಾ ತುಂಬಬೇಕು. ಇದನ್ನೇ ನಮ್ಮ ಮೇಷ್ಟ್ರು ಬ್ರೇಕ್ ಈವನ್ ಅನ್ನುವುದು.

ಒಂದು ಸಾವಿರ ಅಂದರೆ ಯಾರಿಗೆ ಎಷ್ಟು ದಿನ? ಟ್ರ್ಯಾಪ್ ಶೂಟಿಂಗ್ ಮಾಡುವವರಿಗೆ ಒಂದು ಸುತ್ತಿಗೆ 25 ಮಣ್ಣಿನ ಹಕ್ಕಿ. ದೊಡ್ಡ ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ ಒಟ್ಟು 125 ಹಕ್ಕಿ, ಒಂದೊಂದಕ್ಕೂ ಎರಡು ಈಡಿನವರೆಗೆ ಹೊಡೆಯಬಹುದು. ದಿನಕ್ಕೆ ನಾಲ್ಕು ಸುತ್ತು ಅಭ್ಯಾಸ ಮಾಡುವವನು ಹತ್ತು ದಿನದೊಳಗೆ ಸಾವಿರ ಮುಗಿಸುತ್ತಾನೆ. ಅವನಿಗೆ ಈ ಲೆಕ್ಕ ಚೆನ್ನಾಗಿ ಕಾಣುತ್ತದೆ. ನಮ್ಮ ಮನೆಯಲ್ಲಿ? ಒಳ್ಳೆ ಆನೆ ಕಾಟದ ವರ್ಷದಲ್ಲೂ ಮೂವತ್ತು ದಾಟುವುದಿಲ್ಲ. 33 ವರ್ಷ! ಅಷ್ಟರಲ್ಲಿ ನನಗೇ 53 ಆಗಿರುತ್ತದೆ.

ಅಲ್ಲಿಗೂ ಲೆಕ್ಕ ಮುಗಿಯಲಿಲ್ಲ, ಇದು ನನಗೆ ವಡೋದರಾದಲ್ಲಿ ಮಾವನ ಊಟದ ಮೇಜಿನ ಮೇಲೆ ಕಾಗದ ಹಿಡಿದು ಕೂತಾಗ ಹೊಳೆದದ್ದು. ಅದೇ 40,000 ವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ನೂರಕ್ಕೆ ಏಳು ಬಡ್ಡಿ ಬಂದರೆ ವರ್ಷಕ್ಕೆ 2,800. ಮೂವತ್ತು ತೋಟಾ ತುಂಬಿ ಉಳಿಸುವುದು ವರ್ಷಕ್ಕೆ 1,200. ಅಂದರೆ ಮೂವತ್ತಮೂರು ವರ್ಷವಲ್ಲ, ಎಂದೆಂದಿಗೂ ಅಸಲು ಬರುವುದಿಲ್ಲ. ಬಡ್ಡಿಯ ದುಡ್ಡಿನಲ್ಲೇ 28 ಹೊಸ ತೋಟಾ ಬರುತ್ತವೆ! ನಾನು ಜೋರಾಗಿ ನಕ್ಕಾಗ ಅತ್ತೆ, ‘ಏನಾಯ್ತೋ?’ ಎಂದು ಒಳಗಿಂದ ಬಂದರು. ಚಿಪ್ಪು ಸಹ ಶಾಶ್ವತ ಅಲ್ಲ, ಕೆಲವು ಸಲ ಮಡಿಸಿದ ಮೇಲೆ ಬಾಯಿ ಸೀಳುತ್ತದೆ. ನಮ್ಮ ಮಳೆಗಾಲದಲ್ಲಂತೂ ಕಾಗದದ ಚಿಪ್ಪು ಉಬ್ಬಿ ನಳಿಗೆಗೇ ಹೋಗುವುದಿಲ್ಲ, ಮದ್ದು ತೇವ ಹೀರುತ್ತದೆ. ಕೂತು ತುಂಬುವ ಹೊತ್ತಿಗೆ ನಾನು ಬೆಲೆಯನ್ನೇ ಕಟ್ಟಿಲ್ಲ.

ಸೂರತ್ತಿನಲ್ಲಿ ಮಾವನ ಮಗಳ ಮನೆಗೆ ಹೋದಾಗ ಉತ್ತರಾಯಣದ ಗಲಾಟೆ. ಬೀದಿ ಬದಿಯಲ್ಲಿ ಎರಡು ಕಂಬದ ನಡುವೆ ಬಿಳಿ ದಾರ ಎಳೆದು ಕಟ್ಟಿ, ಗುಲಾಬಿ ಬಣ್ಣದ ಅಂಟು ಅಂಗೈಯಲ್ಲಿ ಹಿಡಿದು ಹಿಂದೆ ಮುಂದೆ ನಡೆಯುತ್ತಾ ಸವರುತ್ತಾರೆ. ಗಾಳಿಪಟದ ಸೂರತಿ ಮಾಂಜಾ ಎಂದರೆ ಗುಜರಾತಿಗೆಲ್ಲ ಹೆಸರು. ಜನ ಅಂಗಡಿಯಿಂದ ದಾರ ಕೊಂಡು ತಂದು ಎದುರಿಗೇ ಮಾಂಜಾ ಹಾಕಿಸಿಕೊಳ್ಳುತ್ತಾರೆ. ಸಿದ್ಧ ಮಾಂಜಾ ಕೊಂಡರೆ ಕಡಿಮೆ ತಾಪತ್ರಯವಲ್ಲವೇ ಎಂದು ಕೇಳಿದೆ. ಅಕ್ಕ ನಕ್ಕು, ‘ಅದರಲ್ಲಿ ಏನು ಹಾಕಿದ್ದಾರೋ ಯಾರಿಗೆ ಗೊತ್ತು, ಇಲ್ಲಿ ಕಣ್ಣೆದುರಿಗೆ ಕಾಣ್ತದೆ’ ಅಂದಳು. ಅಮೆರಿಕದವರು ತೋಟಾ ತುಂಬಿಕೊಳ್ಳುವುದರಲ್ಲಿ ಅರ್ಧ ಇದೇ ಕಾರಣವಂತೆ, ತಮ್ಮ ಕೋವಿಗೆ ಒಪ್ಪುವ ಅಳತೆ ತಾವೇ ಹುಡುಕಿಕೊಳ್ಳುವುದು. ಉಳಿತಾಯ ಎಂದು ಶುರು ಮಾಡಿದವರು ಕೊನೆಗೆ ಇನ್ನೂ ಹೆಚ್ಚು ಹೊಡೆದು ಇನ್ನೂ ಹೆಚ್ಚು ಖರ್ಚು ಮಾಡುತ್ತಾರೆ ಎಂದು ಅಹಮದಾಬಾದಿನ ಆ ಹಿರಿಯರು ಹೇಳಿದ್ದರು.

ಇಷ್ಟಾದರೂ ಇದೆಲ್ಲ ಬರೀ ಖರ್ಚಿನ ಮಾತು. ಕಾನೂನಿನ ಮಾತು ಇದಕ್ಕಿಂತ ಗಟ್ಟಿ. 1959ರ ಶಸ್ತ್ರಾಸ್ತ್ರ ಕಾಯ್ದೆ ‘ಮದ್ದುಗುಂಡು’ ಎಂದರೇನೆಂದು ಹೇಳುವಾಗ ಬರೀ ತುಂಬಿದ ತೋಟಾ ಎಂದು ಹೇಳುವುದಿಲ್ಲ. ಅದರ ಬಿಡಿಭಾಗಗಳು, ಅದನ್ನು ತಯಾರಿಸುವ ಯಂತ್ರ ಎಲ್ಲವೂ ಮದ್ದುಗುಂಡೇ. ಅಂದರೆ ಒಂದು ಚಿಟಿಕೆ ಮದ್ದು ಇಲ್ಲದೆ ಬರೀ ಆ ಒತ್ತುವ ಯಂತ್ರ ಮನೆಯಲ್ಲಿದ್ದರೂ ಪ್ರಶ್ನೆ ಏಳುತ್ತದೆ. ತಯಾರಿಸಲು ಐದನೇ ಕಲಮಿನ ಲೈಸೆನ್ಸ್ ಬೇಕು, ಅದು ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಅಲ್ಲ, ಬೇರೆಯೇ. ಇಲ್ಲದೆ ಮಾಡಿದರೆ 2019ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ ಏಳು ವರ್ಷ, ಮೇಲಕ್ಕೆ ಜೀವಾವಧಿಯವರೆಗೆ.

ನಮ್ಮ ಚಿಕ್ಕಪ್ಪನ ಮಗ ಇಲ್ಲೇ ಎಡವಿದ್ದು. ‘ನಮಗೆ ಕೊಡಗಿನವರಿಗೆ ವಿನಾಯಿತಿ ಉಂಟಲ್ಲ’ ಎಂಬುದು ಅವನ ವಾದ. ವಿನಾಯಿತಿ ಇರುವುದು ನಿಜ, 1861ರಿಂದ ಬಂದದ್ದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅನ್ವಯಿಸುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟೂ ಎತ್ತಿಹಿಡಿಯಿತು. ಆದರೆ ಅದು ಕಾಯ್ದೆಯ ಮೂರು ಮತ್ತು ನಾಲ್ಕನೇ ಕಲಮಿನಿಂದ, ಅಂದರೆ ಕೋವಿ ಪಡೆಯುವುದು, ಇಟ್ಟುಕೊಳ್ಳುವುದು, ಒಯ್ಯುವುದು ಇವುಗಳ ಲೈಸೆನ್ಸಿನಿಂದ. ಐದನೇ ಕಲಮಿನ ಹೆಸರು ಅದರಲ್ಲಿಲ್ಲ. ಪೂಜೆ ಮಾಡಲು ವಿನಾಯಿತಿ ಇದೆ, ಕಾರ್ಖಾನೆ ಇಡಲು ಇಲ್ಲ. ಕಾಗದಪತ್ರ ಓದದೆ ‘ನಮಗೆ ಉಂಟು’ ಅನ್ನುವವರು ನಮ್ಮ ಊರಿನಲ್ಲಿ ಬಹಳ ಜನ.

ಇದೇ ಕಾಯ್ದೆಯಲ್ಲಿ ಒಂದು ಹಳೆಯ ಕಾಲದ ನೆನಪೂ ಇದೆ. ಬೆಳೆ ಕಾಯುವವನಿಗೆ ಲೈಸೆನ್ಸ್ ಕೊಡುವ ಕಲಮಿನಲ್ಲಿ ಬಾಯಿಯಿಂದ ತುಂಬುವ ಕೋವಿಯ ಹೆಸರು ಬೇರೆಯಾಗಿಯೇ ಬರುತ್ತದೆ. ನಮ್ಮ ಕಡೆ ಅದಕ್ಕೆ ಕೇಪಿನ ಕೋವಿ ಅಂತಾರೆ. ಕರಿಮದ್ದು ಸುರಿದು, ತೆಂಗಿನ ನಾರು ಇಟ್ಟು ಗಜದಲ್ಲಿ ಜಡಿದು, ಚರೆ ಹಾಕಿ, ಮತ್ತೆ ಜಡಿದು, ಹಿಂದೆ ಕೇಪಿಟ್ಟು ಹೊಡೆಯುವುದು. ಪ್ರತಿ ಈಡೂ ಕೈಯಲ್ಲೇ ತುಂಬಿದ್ದು. ಅಜ್ಜನದು ಅಂಥದೇ ಕೋವಿ.

ಈಗ ಅಜ್ಜನ ವಿಷಯ. ನಾನು ಹುಟ್ಟುವುದಕ್ಕೆ ಮುಂಚೆ ನಡೆದದ್ದು. ಒಂದು ಮಳೆಗಾಲ ಕರಿಮದ್ದು ಮುಗಿದಿತ್ತಂತೆ. ಮನೆಗೆ ಬಂದಿದ್ದ ಒಬ್ಬ ನೆಂಟರು, ‘ತೋಟಾದಲ್ಲಿರುವುದೂ ಮದ್ದೇ ತಾನೆ’ ಎಂದು ಎರಡು ತೋಟಾ ಸೀಳಿ ಅದರ ಮದ್ದನ್ನು ಕೇಪಿನ ಕೋವಿಗೆ ಹಾಕಿಕೊಟ್ಟರು. ಅಜ್ಜ ಕಟ್ಟಪುಣಿಯ ಮೇಲೆ ನಿಂತು ಹೊಡೆದರು. ಕೋವಿಯ ಹಿಂಭಾಗವೇ ಒಡೆದುಹೋಯಿತು. ಎಡಗಣ್ಣು ಹೋಯಿತು, ಎಡಗೈಯ ಎರಡು ಬೆರಳು ಹೋದವು.

ಕಾರಣ ಏನೆಂದು ನನಗೆ ಸರಿಯಾಗಿ ತಿಳಿದದ್ದು ಅಹಮದಾಬಾದಿನಲ್ಲಿ. ಕರಿಮದ್ದು ಬೇರೆ, ತೋಟಾದ ಹೊಗೆಯಿಲ್ಲದ ಮದ್ದು ಬೇರೆ. ಕರಿಮದ್ದು ಸಾಲ್ಟ್‌ಪೀಟರ್, ಇದ್ದಿಲು, ಗಂಧಕದ ಮಿಶ್ರಣ. ನಮ್ಮ ಮುತ್ತಜ್ಜಂದಿರ ಕಾಲದಿಂದ ಇರುವುದು. ಹೊಗೆಯಿಲ್ಲದ ಮದ್ದು 1884ರಲ್ಲಿ ಫ್ರಾನ್ಸಿನ ವಿಯೇಲ್ ಎಂಬುವನು ಕಂಡುಹಿಡಿದದ್ದು, ಹತ್ತಿಯ ನಾರಿನಂಥದಕ್ಕೆ ಆಮ್ಲ ಸೇರಿಸಿ ಮಾಡುವ ವಸ್ತು. ಅದೇ ತೂಕಕ್ಕೆ ಅದರ ಶಕ್ತಿ ಎಷ್ಟೋ ಪಾಲು ಹೆಚ್ಚು. ಕರಿಮದ್ದನ್ನು ಚಿಪ್ಪಿನಲ್ಲಿ ಅಳೆದು ಹಾಕುವ ಅಭ್ಯಾಸದ ಕೈ, ಇದನ್ನೂ ಅದೇ ಚಿಪ್ಪಿನಲ್ಲಿ ಅಳೆದರೆ ಹಳೆಯ ಕಬ್ಬಿಣ ತಡೆಯಲಾರದು. ಒತ್ತಡ ಸಹ ಮದ್ದಿನ ಪ್ರಮಾಣದ ಜೊತೆ ಸಮನಾಗಿ ಏರುವುದಿಲ್ಲ. ಸ್ವಲ್ಪ ಹೆಚ್ಚಾದರೆ ಬಹಳ ಏರುತ್ತದೆ. ಮನೆಯಲ್ಲಿ ತುಂಬುವವರ ದೊಡ್ಡ ಭಯವೂ ಇದೇ, ಯಾರೋ ಕರೆದರು ಎಂದು ಎದ್ದು ಹೋಗಿ ಬಂದು ಒಂದೇ ಚಿಪ್ಪಿಗೆ ಎರಡು ಸಲ ಮದ್ದು ಹಾಕಿಬಿಡುವುದು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಅಳತೆಗಳನ್ನು ನಾನು ಇಲ್ಲಿ ಬೇಕೆಂದೇ ಬರೆಯುತ್ತಿಲ್ಲ.

ಹೊರಡುವ ದಿನ ಆ ಹಿರಿಯರು ಒಂದು ಮಾತು ಹೇಳಿದರು, ‘ನೆನಪಿಗೆಂದು ಖಾಲಿ ಚಿಪ್ಪು ಸಹ ಬ್ಯಾಗಿನಲ್ಲಿ ಒಯ್ಯಬೇಡ.’ ವಿಮಾನ ನಿಲ್ದಾಣಗಳಲ್ಲಿ ಬ್ಯಾಗಿನ ಮೂಲೆಯಲ್ಲಿ ಮರೆತ ಒಂದು ತೋಟಾಕ್ಕೆ ಕೇಸು ಬಿದ್ದವರು ಎಷ್ಟೋ ಜನ. ತಿಳಿದು ಇಟ್ಟುಕೊಂಡದ್ದೋ ತಿಳಿಯದೆಯೋ ಎಂಬುದನ್ನು ನೋಡಬೇಕೆಂದು ಸುಪ್ರೀಂ ಕೋರ್ಟು 1972ರಷ್ಟು ಹಿಂದೆಯೇ ಹೇಳಿದೆ. ಆದರೆ ಅದನ್ನು ಹೇಳಿಸಿಕೊಳ್ಳಲು ಕೋರ್ಟಿನವರೆಗೆ ಹೋಗಬೇಕಲ್ಲ. ನಾನು ಬ್ಯಾಗು ಎರಡು ಸಲ ಕೊಡವಿ ಹೊರಟೆ.

ಊರಿಗೆ ಬಂದು ಅಪ್ಪನ ಮುಂದೆ ಕಾಗದ ಇಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಬಡ್ಡಿಯ ಸಾಲನ್ನು ಎರಡು ಸಲ ಓದಿದರು. ‘ಹಾಗಾದರೆ ಬ್ಯಾಂಕಿನವನೇ ತೋಟಾ ಕೊಡಿಸ್ತಾನೆ ಅನ್ನು’ ಅಂದರು. ಶಬ್ದವೇ ಬೇಕಾದರೆ ಗರ್ನಾಲು ಪಟಾಕಿ ತೋಟಾಕ್ಕಿಂತ ಅಗ್ಗ ಎಂದು ನಾನು ಕೆಳಗೆ ಬರೆದಿದ್ದೆ, ಅದಕ್ಕೂ ತಲೆಯಾಡಿಸಿದರು. ಚಿಕ್ಕಪ್ಪನ ಮಗ ಮಾತ್ರ ಮುಖ ಊದಿಸಿಕೊಂಡು ಕೂತಿದ್ದ.

ಅಜ್ಜ ಜಗಲಿಯಿಂದ, ‘ಆ ಡಬ್ಬ ಇಲ್ಲಿ ಕೊಡು’ ಅಂದರು. ಮುಚ್ಚಳ ತೆಗೆದು, ಉಳಿದ ಮೂರು ಬೆರಳಿನಲ್ಲಿ ಒಂದೊಂದೇ ಚಿಪ್ಪು ತೆಗೆದು, ಒಂದೇ ಕಣ್ಣಿಗೆ ಹತ್ತಿರ ಹಿಡಿದು ಒಳಗೆ ನೋಡಿದರು. ಒಟ್ಟು 62 ಇದ್ದವು. ಎಲ್ಲವೂ ಖಾಲಿ ಎಂದು ಖಾತ್ರಿಯಾದ ಮೇಲೆ ಅಪ್ಪನನ್ನು ಕರೆದು, ನಾಳೆ ಕೋವಿ ಅಂಗಡಿಗೆ ಹೋಗುವಾಗ ಇದನ್ನೂ ಒಯ್ದು ಏನು ಮಾಡಬೇಕೆಂದು ಕೇಳಿಕೊಂಡು ಬಾ ಅಂದರು.